ಸೂರಿನ ನೀರು

ಆಲ್ಡರ್‌ಕೋಟ್
ಸಂತ ಸ್ವಿದಿನ್ ಹಬ್ಬದ ಮಾರನೆಯ ದಿನ, 1447

ಅಣ್ಣಾ ಹ್ಯಾಮೊ,

ಈ ಕಾಗದವನ್ನು ಉಣ್ಣೆಗಾಡಿಯ ಜಾಂಕಿನ್ ಕೈಯಲ್ಲಿ ಕಳಿಸುತ್ತಿದ್ದೇನೆ. ಬಂದ ಕಾಗದವನ್ನೆಲ್ಲ ಜೊತೆಯ ಕಲ್ಲುಕುಟಿಗರ ಮುಂದೆ ಗಟ್ಟಿಯಾಗಿ ಓದಿ ನಗಿಸುವ ನಿನ್ನ ಚಾಳಿ ನನಗೆ ಗೊತ್ತು. ಇದನ್ನು ಮಾತ್ರ ಒಬ್ಬನೇ ಕೂತು ಓದಿ ಒಲೆಗೆ ಹಾಕು. ಚಿಕ್ಕಪ್ಪ ನಮ್ಮಿಬ್ಬರಿಗೂ ಕಿವಿ ಹಿಂಡಿ ಅಕ್ಷರ ಕಲಿಸಿದ್ದು ಇಂಥ ಕಾಗದ ಬರೆಯುವುದಕ್ಕೆ ಎಂದು ನಾನು ಎಣಿಸಿರಲಿಲ್ಲ.

ಮಗು ಹುಟ್ಟಿತು. ಹೆಣ್ಣು. ಉಸಿರಾಡಲಿಲ್ಲ.

ಹೆರಿಗೆ ಮಾಡಿಸಿದ ಗನೋರಜ್ಜಿಯ ಕಾಲು ಹಿಡಿದು, ಒಂದು ಹನಿ ನೀರು ಹಾಕಿ ಜ್ಞಾನಸ್ನಾನ ಮಾಡಿಸಿಬಿಡು ಎಂದು ಬೇಡಿದೆ. ಅವಳು ಅಳುತ್ತಲೇ, "ಒಂದೇ ಒಂದು ಸಲ ಕೈ ಅಲ್ಲಾಡಿಸಿದ್ರೂ ಹಾಕ್ತಿದ್ದೆ ಕಣೇ ಮಗಾ. ಜೀವ ಇಲ್ದೇ ಇರೋದಕ್ಕೆ ನೀರು ಹಾಕಿದ್ರೆ ಅದು ಹತ್ತೋದಿಲ್ಲ, ನನಗೂ ಪಾಪ" ಎಂದಳು. ಪಾದ್ರಿ ಗಾಡ್‌ಫ್ರೆ ಬಾಗಿಲಲ್ಲೇ ನಿಂತು, "ನೀರು ಬೀಳದ ಕೂಸಿಗೆ ಚರ್ಚಿನ ಬೇಲಿಯೊಳಗೆ ಜಾಗ ಇಲ್ಲಮ್ಮ. ಕಟ್ಟಳೆ ನಾನು ಮಾಡಿದ್ದಲ್ಲ" ಎಂದರು. ಕೆಟ್ಟ ಮನುಷ್ಯನಲ್ಲ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಅಷ್ಟೆ.

ನನ್ನ ಗಂಡ ವ್ಯಾರಿನ್ ಬೇಲಿಯಾಚೆ ಮುಳ್ಳುಗಿಡದ ಕೆಳಗೆ ಗುಂಡಿ ತೋಡಿ ನಾವು ಸುತ್ತಿಕೊಟ್ಟ ಗಂಟನ್ನು ಮಣ್ಣು ಮಾಡಿದ. ಆ ಗಂಟಿನಲ್ಲಿ ಇದ್ದದ್ದು ನನ್ನ ಹಳೆಯ ಲಂಗ. ಮಗುವನ್ನು ನಾನೂ ಅಜ್ಜಿಯೂ ಮಾರನೆಯ ದಿನ ಇಟ್ಟೆವು. ಊರಿಗೆ ಊರೇ ಹುಲ್ಲು ಕೊಯ್ಯಲು ಹೋಗಿತ್ತು. ಸೊಪ್ಪಿನ ಬುಟ್ಟಿ ಹಿಡಿದವರಂತೆ ನಡುಮಧ್ಯಾಹ್ನ ಹೋಗಿ, ಚರ್ಚಿನ ಗೋಡೆಗೆ ಒತ್ತಿಕೊಂಡು, ಸೂರಿನ ನೀರು ಬೀಳುವ ಗೆರೆಯಲ್ಲೇ ಹೂತಿಟ್ಟೆವು. ವ್ಯಾರಿನ್‌ಗೆ ಹೇಳಿಲ್ಲ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಮುಂದಿನ ಪಾಪನಿವೇದನೆಯಲ್ಲೇ ಪಾದ್ರಿಗೆ ಒಪ್ಪಿಸಿಬಿಡುತ್ತಾನೆ.

ಬಲಿಪೀಠವನ್ನು ಕಾಯುವ ಮಾಡಿನ ಮೇಲೆ ಹರಿದ ನೀರು ಬರಿಯ ನೀರಲ್ಲ ಎಂದು ಅಜ್ಜಿ ಹೇಳುತ್ತಾಳೆ. ಪಾದ್ರಿ ಹಾಕದ ನೀರನ್ನು ಚರ್ಚೇ ಹಾಕುತ್ತದಂತೆ, ಒಂದೊಂದೇ ಹನಿ, ವರ್ಷಗಟ್ಟಲೆ. ಸಂತ ಸ್ವಿದಿನ್ ಕೂಡ ತನ್ನನ್ನು ಸೂರಿನ ಹನಿ ಬೀಳುವಲ್ಲೇ ಹೂಳಿ ಎಂದಿದ್ದನಲ್ಲ? ಸಂತನಿಗೆ ಆಗಿಬಂದದ್ದು ನನ್ನ ಕೂಸಿಗೆ ಆಗದೆ? ನಾನು ಸತ್ತ ಮೇಲೆ ಅವಳನ್ನು ನೋಡಬೇಕು ಅಣ್ಣಾ. ಈ ನೀರು ಬೀಳದಿದ್ದರೆ ನಾನೊಂದು ಕಡೆ, ಅವಳೊಂದು ಕಡೆ, ಎಂದೆಂದಿಗೂ.

ಈಗ ನೋಡು ನನ್ನ ಗ್ರಹಚಾರ. ಊರ ಪರವಾಗಿ ಚರ್ಚಿನ ಉಸ್ತುವಾರಿ ನೋಡುವ ಒಸ್ಬರ್ಟ್ ಹೊಸ ಮಾಡಿನ ಹುಚ್ಚು ಹಿಡಿಸಿಕೊಂಡಿದ್ದಾನೆ. ಪಕ್ಕದ ಊರಿನ ಹಾಗೆ ಗೋಡೆಯ ನೆತ್ತಿಗೆ ಮೋಟುಗೋಡೆ, ಅದರ ಹಿಂದೆ ನೀರು ಹರಿಯಲು ಸೀಸದ ದಂಬೆ, ನೀರನ್ನು ದೂರಕ್ಕೆ ಉಗುಳುವ ಕಲ್ಲುಮೂತಿಗಳು. ನಕ್ಷೆಗೆ ನಿನಗೇ ಹೇಳಿಕಳಿಸಿದ್ದಾನಂತೆ. ಹಾಗಾದರೆ ಗೋಡೆಯ ಬುಡಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಸೂರು ಉಳಿಸಿಕೊಡು. ನಿನ್ನನ್ನು ಇನ್ನೇನೂ ಕೇಳುವುದಿಲ್ಲ.

ಯಾವ ಮಗ್ಗುಲಲ್ಲಿ ಎಂದು ಬರೆಯುವುದಿಲ್ಲ. ಈ ಕಾಗದ ಬೇರೆಯವರ ಕೈಗೆ ಸಿಕ್ಕರೂ ಚರ್ಚಿನ ಸುತ್ತಲೂ ಅಗೆಸಲಾರರು.

ನಿನ್ನ ತಂಗಿ,
ಆವಿಸ್

*

ಬ್ರಿಸ್ಟಲ್
ಲಾಮಸ್ ಹಬ್ಬ ಕಳೆದ ಭಾನುವಾರ, 1447

ತಂಗೀ,

ಒಬ್ಬನೇ ಕೂತು ಓದಿದೆ. ಒಲೆಗೂ ಹಾಕಿದೆ. ಆಮೇಲೆ ಹೋಗಿ ಎರಡು ಪಾತ್ರೆ ಏಲ್ ಕುಡಿದು ಬಂದೆ. ಯಾಕೋ ಮೋರೆ ಹೀಗೆ ಎಂದವರಿಗೆ ಸುಣ್ಣದ ಧೂಳು ಕಣ್ಣಿಗೆ ಬಿತ್ತು ಎಂದೆ. ನಾನು ಸೋದರಮಾವ ಆಗಿದ್ದೆ ಕಣೇ, ಒಂದು ದಿನದ ಮಟ್ಟಿಗಾದರೂ.

ನೀನು ಹೆದರಬೇಡ. ಉಪಾಯ ಮಾಡಿದ್ದೇನೆ. ಬಲಿಪೀಠದ ಭಾಗ ಪಾದ್ರಿಯ ಪಾಲಿನದು, ಅವರು ಅದಕ್ಕೆ ಒಂದು ಮೊಳೆ ಹೊಡೆಸುವವರಲ್ಲ, ಅದು ಬಿಡು. ಜನ ನಿಲ್ಲುವ ಭಾಗ ಊರಿನದು. ಅದಕ್ಕೆ ಎರಡೂ ಮಗ್ಗುಲು ಹೊಸದು ಮಾಡಿದರೆ ಹಳೆಯ ಗೋಡೆ ಭಾರ ತಾಳುವುದಿಲ್ಲ, ಒಂದು ಮಗ್ಗುಲು ಸಾಕು ಎಂದು ಒಸ್ಬರ್ಟ್‌ಗೆ ಬರೆದಿದ್ದೇನೆ. ಸುಳ್ಳು. ಆ ಗೋಡೆ ಇನ್ನೊಂದು ಚರ್ಚನ್ನೇ ಹೊರುತ್ತದೆ. ಆದರೆ ಒಸ್ಬರ್ಟ್‌ಗೆ ಗೋಡೆಯ ವಿಷಯ ಏನು ಗೊತ್ತು, ಕುರಿಯ ಹಲ್ಲು ಎಣಿಸುವವನು. ಸೀಸ ಉಳಿಯಿತು ಎಂದು ಕುಣಿದಾಡುತ್ತಾನೆ. ಇನ್ನೊಂದು ಮಗ್ಗುಲಿನ ಸೂರನ್ನು ಯಾರೂ ಮುಟ್ಟುವುದಿಲ್ಲ.

ಯಾವ ಮಗ್ಗುಲೆಂದು ನೀನು ಬರೆಯಲಿಲ್ಲ, ನಾನೂ ಬರೆಯುವುದಿಲ್ಲ. ತಾಯಂದಿರು ಇಂಥ ಮಕ್ಕಳನ್ನು ಎಲ್ಲಿ ಇಡುತ್ತಾರೆ ಎಂಬುದು ಕಲ್ಲುಕುಟಿಗನಿಗೆ ಗೊತ್ತಿಲ್ಲದ ಸಂಗತಿಯೇ? ಹಳೆಯ ಗೋಡೆಗೆ ಆನಿಕೆ ಕಟ್ಟಲು ಬುಡ ಅಗೆಯುವಾಗ ನಮಗೆ ಸಿಗುತ್ತಲೇ ಇರುತ್ತವೆ, ಹಕ್ಕಿಯದೋ ಮನುಷ್ಯನದೋ ತಿಳಿಯದಂಥ ಸಣ್ಣ ಮೂಳೆಗಳು. ಟೋಪಿ ತೆಗೆದು, ಮಣ್ಣು ಮುಚ್ಚಿ, ಪಕ್ಕಕ್ಕೆ ಸರಿದು ಅಗೆಯುತ್ತೇವೆ. ಯಾವ ಪಾದ್ರಿಗೂ ಹೇಳುವುದಿಲ್ಲ. ನಮ್ಮಲ್ಲಿ ಅದು ಗುರು ಶಿಷ್ಯನಿಗೆ ಕಲಿಸುವ ಮೊದಲ ಪಾಠ.

ನಾನೇ ಬಂದು ಕಟ್ಟುವ ಆಸೆ ಇತ್ತು. ಆದರೆ ರಾಜನ ಆಳುಗಳು ಕಲ್ಲುಕೆಲಸದವರನ್ನು ಹಿಡಿಯಲು ಬಂದಿದ್ದಾರೆ. ಉತ್ತರದ ಗಡಿಯಲ್ಲಿ ಯಾವುದೋ ಕೋಟೆಯಂತೆ. ಹೋಗುವುದಿಲ್ಲ ಎಂದರೆ ಸೆರೆಮನೆ. ನಕ್ಷೆಯನ್ನೂ ಕಲ್ಲು ಕೆತ್ತುವ ಅಚ್ಚುಹಲಗೆಗಳನ್ನೂ ಪಿಯರ್ಸ್ ಎಂಬವನಿಗೆ ಕೊಟ್ಟಿದ್ದೇನೆ. ಚಳಿ ಕಳೆದ ಮೇಲೆ ಬರುತ್ತಾನೆ. ನಗುವುದು ಬಾರದ ಮನುಷ್ಯ, ಆದರೆ ನಾನು ಎಳೆದ ಗೆರೆಯಿಂದ ಒಂದು ಬೆರಳು ಆಚೀಚೆ ಹೋಗುವವನಲ್ಲ. ದೇವರೇ ಬಂದು ಹೇಳಿದರೂ, "ಹ್ಯಾಮೊ ಬರೆದು ಕೊಡಲಿ" ಎನ್ನುತ್ತಾನೆ. ಅದಕ್ಕೇ ಅವನನ್ನು ಆರಿಸಿದೆ.

ಹೊಟ್ಟೆತುಂಬ ಉಣ್ಣು. ವ್ಯಾರಿನ್ ಮೇಲೆ ರೇಗಬೇಡ.

ಹ್ಯಾಮೊ

*

ಆಲ್ಡರ್‌ಕೋಟ್
ಸಂತ ಮೈಕೇಲರ ಹಬ್ಬ, 1447

ಅಣ್ಣಾ,

ನಿನ್ನ ಕಾಗದ ಬಂದ ದಿನದಿಂದ ನಾನು ನಿದ್ದೆ ಮಾಡುತ್ತಿದ್ದೇನೆ. ಇದು ನಿನಗೆ ಬ್ರಿಸ್ಟಲ್‌ನಲ್ಲೇ ಸಿಗುತ್ತದೋ, ಅಷ್ಟರಲ್ಲಿ ನಿನ್ನನ್ನು ಎಳೆದುಕೊಂಡು ಹೋಗಿರುತ್ತಾರೋ ತಿಳಿಯದು. ಸಿಗಲಿ ಎಂದು ಬರೆಯುತ್ತಿದ್ದೇನೆ.

ತಾಯಂದಿರು ಎಲ್ಲಿ ಇಡುತ್ತಾರೆಂದು ಗೊತ್ತು ಎಂದೆಯಲ್ಲ, ಓದಿ ನಗು ಬಂತು. ಗೊತ್ತಿರದೆ ಏನು! ಹೆಚ್ಚು ಮಳೆ ಬೀಳುವ ಕಡೆ ಇಡದೆ ಇನ್ನೆಲ್ಲಿ ಇಡುತ್ತೇವೆ? ನಾನಂತೂ ಬಸುರಿಯಾಗುವುದಕ್ಕೂ ಮೊದಲಿನಿಂದ ನೋಡಿದ್ದೇನೆ, ಗಾಳಿಮಳೆ ಬಂದಾಗ ಯಾವ ಸೂರು ದಬದಬ ಸುರಿಯುತ್ತದೆ, ಯಾವುದು ಬರೀ ತೊಟ್ಟಿಕ್ಕುತ್ತದೆ ಎಂದು. ನನ್ನ ಮಗಳಿಗೆ ತೊಟ್ಟಿಕ್ಕುವ ನೀರು ಸಾಲದು. ಅವಳು ಬೇಗ ಮುಗಿಸಿಕೊಂಡು ಹೋಗಬೇಕು.

ಮೊನ್ನೆ ದೊಡ್ಡ ಮಳೆ. ಪೂಜೆ ಮುಗಿದು ಎಲ್ಲರೂ ತಲೆ ಮುಚ್ಚಿಕೊಂಡು ಓಡಿದರು. ನಾನು ಕಾಲಿನ ಕಲ್ಲು ತೆಗೆಯುವವಳಂತೆ ಬಗ್ಗಿ ನಿಂತು ಕೇಳಿಸಿಕೊಂಡೆ. ಇಷ್ಟು ದಿನ ಆ ಸದ್ದಿಗೆ ಬೆಲೆಯೇ ಕೊಟ್ಟಿರಲಿಲ್ಲ.

ಹೊಸ ಮಾಡಿಗೆ ಹಣ ಕೂಡಿಸಲೆಂದು ಊರವರು ಚರ್ಚಿನೊಳಗೇ ಏಲ್ ಮಾರಿ ಹಬ್ಬ ಮಾಡಿದರು. ಅದಕ್ಕೆ ನಾನೇ ಬಾರ್ಲಿಯ ಮಾಲ್ಟ್ ಹುರಿದುಕೊಟ್ಟೆ. ಒಸ್ಬರ್ಟ್ ಕುಡಿದು ಕಂಬ ಅಪ್ಪಿಕೊಂಡು, "ನನ್ನ ಮಾಡು, ನನ್ನ ಮಾಡು" ಎಂದು ಅತ್ತ. ಅವನ ಹೆಂಡತಿ ಮೇಬಿಲಿ ಕಿವಿ ಹಿಡಿದು ಎಳೆದುಕೊಂಡು ಹೋದಳು. ನಾನೂ ನಕ್ಕೆ. ನಕ್ಕದ್ದಕ್ಕೆ ಆಮೇಲೆ ಬೇಸರವಾಯಿತು.

ಬೇಸರದ ಸಂಗತಿ ಇನ್ನೊಂದಿದೆ. ವ್ಯಾರಿನ್ ದಿನವೂ ಕುರಿ ಹೊಡೆದುಕೊಂಡು ಬರುವಾಗ ಆ ಮುಳ್ಳುಗಿಡದ ಹತ್ತಿರ ನಿಲ್ಲುತ್ತಾನೆ. ಕುರಿ ಮೇಯದಿರಲಿ ಎಂದು ಸುತ್ತ ಕೋಲು ನೆಟ್ಟಿದ್ದಾನೆ. ನನ್ನ ಹಳೇ ಲಂಗಕ್ಕೆ ಅಳುವ ಗಂಡ. ಹೇಳಲೂ ಆಗುವುದಿಲ್ಲ, ನೋಡಲೂ ಆಗುವುದಿಲ್ಲ.

ಉತ್ತರದಲ್ಲಿ ಚಳಿ ಹೆಚ್ಚಂತೆ. ಉಣ್ಣೆಯ ಕೈಗವಸು ಹೆಣೆಯುತ್ತಿದ್ದೇನೆ. ಎಲ್ಲಿಗೆ ಕಳಿಸಲಿ ಎಂದು ತಿಳಿಸು.

ಆವಿಸ್

*

ಆಲ್ಡರ್‌ಕೋಟ್
ಪಾಸ್ಖದ ಎರಡನೆಯ ವಾರ, ಮಂಗಳವಾರ, 1448

ಹ್ಯಾಮೊ, ಅಣ್ಣಾ,

ಎಲ್ಲಿದ್ದೀಯ? ಹೇಗಾದರೂ ಇದು ನಿನಗೆ ತಲುಪಬೇಕು. ಬ್ರಿಸ್ಟಲ್‌ನಲ್ಲಿ ನಿನ್ನ ಕಲ್ಲುಕುಟಿಗರ ಕೂಟದವರಿಗೆ ಕೊಟ್ಟು, ನೀನಿರುವಲ್ಲಿಗೆ ಕಳಿಸಲು ಕಾಲು ಹಿಡಿ ಎಂದು ಜಾಂಕಿನ್‌ಗೆ ಹೇಳಿದ್ದೇನೆ.

ಪಿಯರ್ಸ್ ಬಂದ. ನಿನ್ನೆ ಹತ್ತಿ ನಿಲ್ಲುವ ಸಾರುವೆ ಕಟ್ಟಲು ಮರದ ಗಳು ಇಳಿಸಿದರು. ಎಲ್ಲವನ್ನೂ ದಕ್ಷಿಣದ ಕಡೆಗೆ.

ಅವಳು ದಕ್ಷಿಣದಲ್ಲಿದ್ದಾಳೆ ಅಣ್ಣಾ. ಯಾರೂ ಸುಳಿಯದ ಉತ್ತರದಲ್ಲಲ್ಲ. ಬಾಗಿಲ ಮಂಟಪಕ್ಕೂ ಪಡುವಣ ಮೂಲೆಗೂ ನಡುವೆ. ಬರೆದುಬಿಟ್ಟೆ, ಯಾರು ಓದಿದರೂ ಓದಲಿ. ಮಳೆ ಬರುವುದು ನೈರುತ್ಯದಿಂದ ಅಲ್ಲವೇ? ನಿನಗೆ ಅಷ್ಟೂ ಹೊಳೆಯಲಿಲ್ಲವೇ? ಇಲ್ಲ, ನಿನ್ನನ್ನು ಬೈಯುತ್ತಿಲ್ಲ. ನಾನು ಒಂದು ಮಾತು ಬರೆದಿದ್ದರೆ ಆಗುತ್ತಿತ್ತು.

ಓಡಿಹೋಗಿ ಪಿಯರ್ಸ್‌ನನ್ನು ಹಿಡಿದೆ. "ಈ ಕಡೆ ಯಾಕಪ್ಪಾ? ಈ ಕಡೆ ಸೂರು ಮುಟ್ಬೇಡ ಅಂತ ನಮ್ಮಣ್ಣ ಹೇಳಿಲ್ವಾ?"

ಅವನು ನಕ್ಷೆ ಬಿಚ್ಚಿದ. "ಇಲ್ನೋಡಮ್ಮ. ಉತ್ತರದ್ದು ಮುಟ್ಬೇಡ. ಒತ್ತಿ ಒತ್ತಿ ಬರ್ದವ್ನೆ, ಹಾಳೆ ತೂತು ಬೀಳೋ ಹಂಗೆ. ನಾನು ಬೇರೆ ಮಾಡೋದುಂಟಾ?"

"ಅವನು ತಪ್ಪು ಬರ್ದಿದಾನೆ. ನಾನು ಅವನ ತಂಗಿ, ಹೇಳ್ತಿದೀನಿ."

"ತಂಗಿ ಆದ್ರೇನು, ನೀನು ಕಲ್ಲು ಕುಟ್ತೀಯಾ? ಹ್ಯಾಮೊ ಬರ್ದು ಕೊಡ್ಲಿ, ಇವತ್ತೇ ಗಳು ಆ ಕಡೆ ಹಾಕಿಸ್ತೀನಿ."

ಒಸ್ಬರ್ಟ್ ಹತ್ತಿರ ಹೋದೆ. ಅವನು ಊರವರ ಮುಂದೆಯೇ, "ಜನ ಒಳಗೆ ಬರೋದು ಈ ಬಾಗಿಲಲ್ಲಿ. ಕಣ್ಣಿಗೆ ಬೀಳೋ ಕಡೆ ಹಳೇದು, ಯಾರೂ ನೋಡದ ಕಡೆ ಹೊಸದು ಕಟ್ಟಿ ದೆವ್ವಕ್ಕೆ ತೋರಿಸ್ಲಾ? ಹೋಗಮ್ಮಾ ತಾಯಿ, ನಿನ್ನ ಬಾಣಂತಿ ಸನ್ನಿ ಇನ್ನೂ ಇಳಿದಿಲ್ಲ" ಎಂದ. ವ್ಯಾರಿನ್‌ಗೆ ಅವಮಾನವಾಯಿತು. ಮನೆಗೆ ಬಂದು, "ಚರ್ಚಿನ ಮಾಡು ಕಟ್ಟಿಕೊಂಡು ನಿನಗೇನೇ ಆಗ್ಬೇಕು?" ಎಂದ. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅವನು ಮುಳ್ಳುಗಿಡಕ್ಕೆಂದು ಒಂದು ಮರದ ಶಿಲುಬೆ ಕೆತ್ತುತ್ತ ಕೂತಿದ್ದ. ಬಾಯಿ ಮುಚ್ಚಿದೆ.

ಒಂದು ಗಳುವಿನ ಗುಂಡಿಯನ್ನು ಸರಿಯಾಗಿ ಅವಳ ಮೇಲೆಯೇ ತೋಡಲು ಹೊರಟಿದ್ದರು. ಅಲ್ಲಿ ನಮ್ಮಪ್ಪನ ತಾಯಿಯ ಗೋರಿ ಇದೆ ಎಂದು ಸುಳ್ಳೇ ಕೂಗಾಡಿ ಪಕ್ಕಕ್ಕೆ ಸರಿಸಿದೆ. ಈಗ ಅಲ್ಲಿ ಗಾರೆ ಕಲಸುತ್ತಾರೆ. ನನ್ನ ಮಗಳ ಮೇಲೆ ಸುಣ್ಣ ಕುದಿಯುತ್ತದೆ. ಎತ್ತಿ ಆಚೆ ಇಡೋಣವೆಂದರೆ ಹಗಲೆಲ್ಲ ಕೆಲಸದವರು, ಕತ್ತಲಾದರೆ ಕಾವಲಿನವನು. ಒಂಬತ್ತು ತಿಂಗಳು ಮಣ್ಣಿನಲ್ಲಿದ್ದವಳನ್ನು ನೋಡುವ ಎದೆ ನನಗಿಲ್ಲ. ನೋಡಿದರೆ ಬುದ್ಧಿ ಸರಿಯಿರುವ ಹೆಂಗಸಾಗಿ ಉಳಿಯುವುದಿಲ್ಲ.

ಪಾಸ್ಖದ ಪಾಪನಿವೇದನೆಯಲ್ಲಿ ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿ ಪ್ರಸಾದ ತೆಗೆದುಕೊಂಡೆ. ಅದಕ್ಕೆ ಬರುವ ಶಿಕ್ಷೆ ನನಗೆ ಬರಲಿ.

ಒಂದು ಸಾಲು ಸಾಕು. ಮಗ್ಗುಲು ಬದಲಿಸು ಎಂದು ಪಿಯರ್ಸ್‌ಗೆ ಒಂದು ಸಾಲು. ಹಳೆಯ ಮಾಡನ್ನು ಇನ್ನೂ ಬಿಚ್ಚಿಲ್ಲ. ಈಗ ಕಳಿಸಿದರೂ ನಡೆಯುತ್ತದೆ. ಬರೆ ಅಣ್ಣಾ, ಬೇಗ ಬರೆ.

ಆವಿಸ್

*

ಉತ್ತರದ ಗಡಿ
ಸಂತ ಮಾರ್ಟಿನ್ ಹಬ್ಬ, 1448

ತಂಗೀ,

ಈ ಕೋಳಿಗಾಲು ಅಕ್ಷರ ನೋಡಿ ಯಾವ ಕುಡುಕ ಬರೆದನೋ ಎಂದುಕೊಳ್ಳಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಹೋಯಿತು. ಬೇಸಗೆಯಲ್ಲಿ ಬಾಗಿಲ ನೆತ್ತಿಯ ಕಲ್ಲು ಏರಿಸುವಾಗ ಹಗ್ಗ ಜಾರಿತು, ಕಲ್ಲು ಕೈ ಮೇಲೆ ಕೂತಿತು. ಬೆರಳುಗಳನ್ನು ತೆಗೆದರು. ಮೂರು ವಾರ ಜ್ವರದಲ್ಲಿ ಏನೇನೋ ಬಡಬಡಿಸಿದೆನಂತೆ. ಈಗ ಬದುಕಿದ್ದೇನೆ. ಇಲ್ಲಿನ ಮೇಸ್ತ್ರಿ ಒಳ್ಳೆಯವನು, ಸುಣ್ಣದ ಗೂಡಿಗೆ ಕಾವಲು ಕೂರಿಸಿದ್ದಾನೆ. ಕೂತು ಉಣ್ಣುವ ಕೆಲಸ. ಉಳಿ ಹಿಡಿಯುವ ಕೆಲಸ ಮುಗಿಯಿತು.

ಇಲ್ಲಿಗೆ ಬಂದ ಮೇಲೆ ನಿನ್ನಿಂದ ಒಂದು ಕಾಗದವೂ ಇಲ್ಲ. ಬರೆದಿದ್ದರೆ ಬ್ರಿಸ್ಟಲ್‌ನಲ್ಲಿ ಬಿದ್ದಿರಬೇಕು. ನಮ್ಮ ಕೂಟ ಚದುರಿಹೋಗಿದೆ. ಅದಕ್ಕೆ ನಿನ್ನ ಮೇಲೆ ಸಿಟ್ಟೇನೂ ಇಲ್ಲ.

ಇಪ್ಪತ್ತು ವರ್ಷ ಕಲ್ಲು ಕೆತ್ತಿದೆ. ಈಗ ಕೂತು ಎಣಿಸಿದರೆ ನನ್ನದು ಅನ್ನುವುದು ಏನಿದೆ ಹೇಳು. ಬ್ರಿಸ್ಟಲ್‌ನ ಕಿಟಕಿಗಳಲ್ಲಿ ಹಣ ಕೊಟ್ಟ ವ್ಯಾಪಾರಿಯ ಹೆಸರು. ಈ ಕೋಟೆ ರಾಜನದು, ನಾಳೆ ಇನ್ನೊಬ್ಬ ಬಂದು ಕೆಡವುತ್ತಾನೆ. ಒಂದು ಕೆಲಸ ಮಾತ್ರ ನಾನು ಪ್ರೀತಿಯಿಂದ ಮಾಡಿದ್ದು. ಅದರಲ್ಲಿ ನಾನು ಒಂದು ಕಲ್ಲನ್ನೂ ಇಡಲಿಲ್ಲ, ಇದ್ದದ್ದನ್ನು ಹಾಗೇ ಬಿಡಿಸಿದೆ, ಅಷ್ಟೆ. ಜ್ವರದಲ್ಲಿ ಮಲಗಿದ್ದಾಗ ಹೊರಗೆ ಮಳೆ ಬಂದರೆ, ಆಲ್ಡರ್‌ಕೋಟ್‌ನಲ್ಲೂ ಬರುತ್ತಿರಬೇಕು, ಆ ಉತ್ತರದ ಸೂರಿನಿಂದ ನನ್ನ ಸೋದರಸೊಸೆಯ ಮೇಲೆ ಬೀಳುತ್ತಿರಬೇಕು ಎಂದುಕೊಂಡು ಕಣ್ಣು ಮುಚ್ಚುತ್ತಿದ್ದೆ. ಮಗ್ಗುಲಿನ ಹೆಸರು ಬರೆದೇಬಿಟ್ಟೆ ನೋಡು. ಇನ್ನು ಯಾರು ಓದುತ್ತಾರೆ, ಬಿಡು.

ಬೀಳುತ್ತದೆಯೇ, ಆವಿಸ್? ಪಿಯರ್ಸ್ ಹೇಳಿದ ಹಾಗೆ ಮಾಡಿದನೇ? ಸರಿಯಾಗಿ ನೋಡಿ ಬರೆ. ನನಗೆ ಅದೊಂದು ಗೊತ್ತಾದರೆ ಸಾಕು, ಈ ಕೈಯದು ನಾನು ತಡೆದುಕೊಳ್ಳುತ್ತೇನೆ.

ಹ್ಯಾಮೊ

*

ಆಲ್ಡರ್‌ಕೋಟ್
ಮೇಣದ ದೀಪದ ಹಬ್ಬ, 1449

ಪ್ರೀತಿಯ ಅಣ್ಣಾ,

ನಿನ್ನ ಕಾಗದವನ್ನು ಎದೆಗೆ ಒತ್ತಿಕೊಂಡು ಅತ್ತೆ. ಅಷ್ಟು ಚಂದ ಕೆತ್ತುತ್ತಿದ್ದ ಕೈ. ಹೆಣೆದ ಕೈಗವಸು ಇದರ ಜೊತೆ ಕಳಿಸುತ್ತಿದ್ದೇನೆ. ಬಲಗೈಯದರ ಬೆರಳುಗಳನ್ನು ಬಿಚ್ಚಿ ಚೀಲದ ಹಾಗೆ ಮಾಡಿದ್ದೇನೆ, ಗಾಯಕ್ಕೆ ಬೆಚ್ಚಗಿರುತ್ತದೆ. ಕೆಲಸ ಬಿಡಿಸಿಕೊಂಡು ಇಲ್ಲಿಗೇ ಬಂದುಬಿಡು. ವ್ಯಾರಿನ್ ಕೂಡ, "ಬರ್ಲಿ ಬಿಡು, ಕುರಿ ಎಣಿಸೋಕೆ ಎಡಗೈ ಸಾಕು" ಎಂದ.

ನಾನು ಬರೆದದ್ದು ನಿನಗೆ ಸಿಗಲಿಲ್ಲ ಎಂದೆಯಲ್ಲ. ಜಾಂಕಿನ್ ಅವನ್ನು ವಾಪಸು ತಂದುಕೊಟ್ಟ. ಅವುಗಳಲ್ಲಿ ವಿಶೇಷ ಏನೂ ಇರಲಿಲ್ಲ. ಊರ ಸುದ್ದಿ, ಒಸ್ಬರ್ಟ್ ಕುಡಿದು ಅತ್ತದ್ದು, ಅಂಥದ್ದು.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಬೀಳುತ್ತದೆ ಅಣ್ಣಾ. ಉತ್ತರದ ಸೂರನ್ನು ಯಾರೂ ಮುಟ್ಟಲಿಲ್ಲ. ಹಳೆಯ ಕಲ್ಲುಹಲಗೆ ಹಾಗೇ ಇದೆ, ಪಾಚಿ ಕೂಡ ಹಾಗೇ ಇದೆ. ಪಿಯರ್ಸ್ ನಿನ್ನ ಗೆರೆಯಿಂದ ಒಂದು ಬೆರಳು ಅಲ್ಲಾಡಲಿಲ್ಲ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಗನೋರಜ್ಜಿ ಕ್ರಿಸ್‌ಮಸ್‌ಗೆ ಮೊದಲು ತೀರಿಕೊಂಡಳು. ಸಾಯುವ ಮುಂಚೆ ನನ್ನ ಕೈ ಹಿಡಿದು, "ಉತ್ತರದ ಕಡೆ ನಾನೇ ಎಷ್ಟೊಂದು ಇಟ್ಟಿದೀನಿ ಗೊತ್ತಾ. ನೀನೊಬ್ಬಳೇ ಅಂದ್ಕೊಂಡಿದ್ಯಾ?" ಎಂದಳು. ಅವಳ ಹೆಣಕ್ಕೆ ಮಣ್ಣು ಹಾಕಿದ ದಿನ ಮಳೆ. ನಾನು ಆ ಕಡೆ ಹೋದೆ. ಒಸ್ಬರ್ಟ್‌ನ ಹೆಂಡತಿ ಮೇಬಿಲಿ ಅಲ್ಲಿ ನಿಂತಿದ್ದಳು, ಸೂರಿನ ಕೆಳಗೆ, ತಲೆ ಮುಚ್ಚಿಕೊಳ್ಳದೆ. ಹದಿನಾಲ್ಕು ವರ್ಷದಿಂದ ಬರುತ್ತಾಳಂತೆ, ಗಂಡನಿಗೂ ಗೊತ್ತಿಲ್ಲ. ನನ್ನನ್ನು ನೋಡಿ, "ನಿಂದೂ ಇಲ್ಲೇನೇ?" ಎಂದಳು. ಹೂಂ ಎಂದೆ. ಅವಳು ಪಕ್ಕಕ್ಕೆ ಸರಿದು ನನಗೂ ಜಾಗ ಬಿಟ್ಟಳು. ಇಬ್ಬರೂ ನೆನೆದುಕೊಂಡು ನಿಂತೆವು. "ನಿಮ್ಮಣ್ಣ ಈ ಸೂರು ಉಳಿಸದೇ ಹೋಗಿದ್ರೆ ನನ್ನ ಮಗನ ಗತಿ ಏನಾಗ್ತಿತ್ತು" ಎಂದು ಅವಳು ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ. ಅಷ್ಟು ಮಕ್ಕಳು ನಿನ್ನಿಂದ ಆ ನೀರಿನಲ್ಲಿ ನೆನೆಯುತ್ತಾರೆ ಅಣ್ಣಾ. ಇಪ್ಪತ್ತು ವರ್ಷದ ಕೆಲಸಕ್ಕೆ ಅದು ಸಾಲದೇ? ನೀನು ನಿಶ್ಚಿಂತೆಯಿಂದ ಮಲಗು.

ದಕ್ಷಿಣದ ಕೆಲಸವೂ ಬಹಳ ಚೆನ್ನಾಗಿ ಬಂದಿದೆ, ಅದನ್ನೂ ನೀನು ಕೇಳಬೇಕು. ಮೋಟುಗೋಡೆಗೆ ಎಲೆಬಳ್ಳಿ ಕೆತ್ತಿದ್ದಾರೆ. ಕಲ್ಲುಮೂತಿಗಳು ನೀರನ್ನು ದಾರಿಯ ಆಚೆಗೇ ಉಗುಳುತ್ತವೆ. ಪೂಜೆಗೆ ಬರುವವರ ಕಾಲು ಕೆಸರಾಗದಿರಲಿ ಎಂದು ಒಸ್ಬರ್ಟ್ ಬಾಗಿಲ ಮಂಟಪದಿಂದ ಪಡುವಣ ಮೂಲೆಯವರೆಗೆ ಗೋಡೆಯ ಬುಡಕ್ಕೆ ದಪ್ಪ ಕಲ್ಲು ಹಾಸಿಸಿ ಗಾರೆ ಹಾಕಿಸಿದ್ದಾನೆ. ಸುತ್ತೂರಿನವರೆಲ್ಲ ಬಂದು ನೋಡಿ ಹೊಗಳುತ್ತಾರೆ. ಮೇಬಿಲಿಯನ್ನು ಬಿಟ್ಟು ಬರುವಾಗ ನಾನೂ ಹೋಗಿ ಅಲ್ಲಿ ನಿಂತೆ. ಮಳೆ ಇನ್ನೂ ಜೋರಾಗಿಯೇ ಇತ್ತು. ಬಹಳ ಹೊತ್ತು ನಿಂತಿದ್ದೆ ಅಣ್ಣಾ, ನಿನ್ನಾಣೆ, ಒಂದು ಹನಿಯೂ ಬೀಳಲಿಲ್ಲ.

ನಿನ್ನ ತಂಗಿ,
ಆವಿಸ್